ಸಹಾಯ ಬೇಕು: ಸಾಂದ್ರತೆ ಒಂದೇ, ಫೋಮ್‌ನ ಬಿಗಿತ ಮಾತ್ರ ಬೇರೆ ಬೇರೆ

ಗೆಳೆಯರೇ, ಎಂಟೆಕ್ ಪ್ರಾಜೆಕ್ಟ್‌ಗಾಗಿ ಗಡಸು ಪಾಲಿಯುರೆಥೇನ್ ಫೋಮನ್ನು ಒತ್ತಿ ಪರೀಕ್ಷಿಸುತ್ತಿದ್ದೇನೆ. ಎಲ್ಲಾ ತುಂಡುಗಳೂ ಒಂದೇ ಬ್ಲಾಕ್‌ನವು. ಫೋಮ್ ಉಬ್ಬಿದ ದಿಕ್ಕಿನಲ್ಲಿ ಒತ್ತಿದರೆ ಬಿಗಿತ ಜಾಸ್ತಿ, ಅಡ್ಡಕ್ಕೆ ಒತ್ತಿದರೆ ಕಡಿಮೆ. ಒಳಗಿನ ಕೋಶಗಳು (ಸಣ್ಣ ಗುಳ್ಳೆಗಳು) ಉಬ್ಬಿದ ಕಡೆಗೆ ಉದ್ದವಾಗಿರುವುದೇ ಕಾರಣ, ಅಲ್ವಾ?

ನಿಜವಾದ ತೊಡಕು ಮುಂದಿದೆ. ಸಾಂದ್ರತೆಯಿಂದ ಬಿಗಿತವನ್ನು ಅಂದಾಜಿಸುವ ಗಿಬ್ಸನ್–ಆಶ್ಬಿ ಮಾದರಿಯಲ್ಲಿ, ತೆರೆದ ಕೋಶದ (ಗೋಡೆಯಿಲ್ಲದೆ ಅಂಚಿನ ಕಡ್ಡಿಗಳಷ್ಟೇ ಇರುವ) ಫೋಮ್‌ನ ಸಾಂದ್ರತೆ ಅರ್ಧವಾದರೆ ಬಿಗಿತ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಅಲ್ಲಿ ಕಡ್ಡಿಗಳು ಬಾಗುತ್ತವೆ. ಮುಚ್ಚಿದ ಕೋಶದಲ್ಲಿ ಗೋಡೆಗಳೂ ಹಿಗ್ಗಿ ಭಾರ ಹೊರುತ್ತವೆ. ನನ್ನದು ಮುಚ್ಚಿದ ಕೋಶದ್ದೇ. ಆದರೆ ಗೋಡೆ ತೀರಾ ತೆಳು, ಪಾಲಿಮರ್ ಹೆಚ್ಚಾಗಿ ಅಂಚಿನ ಕಡ್ಡಿಗಳಲ್ಲೇ ಸೇರಿಕೊಂಡಿದೆ.

ಹಾಗಾಗಿ ಪಾಲಿಮರ್ ಕಡ್ಡಿಯಲ್ಲಿ ಎಷ್ಟು, ಗೋಡೆಯಲ್ಲಿ ಎಷ್ಟು ಅಂತ ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರಗಳಿಂದ ನಂಬುವಂತೆ ಅಳೆಯಬಹುದೇ? ಒಳರಚನೆಯನ್ನು ಮೂರು ಆಯಾಮದಲ್ಲಿ ತೋರಿಸುವ ಮೈಕ್ರೋ ಸಿಟಿ ಸ್ಕ್ಯಾನ್ ನನಗೆ ಸಿಗುವುದು ಕಷ್ಟ. ಇಮೇಜ್‌ಜೆ (ಚಿತ್ರಗಳನ್ನು ಅಳೆಯುವ ತಂತ್ರಾಂಶ) ಬಳಸಿ ಇದನ್ನು ಮಾಡಿದವರಿದ್ದರೆ ದಯವಿಟ್ಟು ಹಂತಗಳನ್ನು ತಿಳಿಸಿ.