14 ಮಕ್ಕಳ ಶಾಲೆ ಉಳಿಸಲು ಮೊದಲು ಏನು ಮಾಡಬೇಕು?

ತೋಡಿನಾಚೆ ಮನೆ:

ಉಡುಪಿ ಜಿಲ್ಲೆಯಲ್ಲಿ ಘಟ್ಟದ ಬುಡದ ಊರು ನಮ್ಮದು. ಒಂದರಿಂದ ಐದರವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ, ಮಗ ಮೂರನೇ ತರಗತಿಯಲ್ಲಿದ್ದಾನೆ. ಈಗ ಒಟ್ಟು 14 ಮಕ್ಕಳು. ಐದನೇ ತರಗತಿಯ ಐವರು ಹೊರಟರೆ ಉಳಿಯುವುದು ಒಂಬತ್ತು. ಇಬ್ಬರು ಟೀಚರ್‌ಗಳಲ್ಲಿ ಒಬ್ಬರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬಂದಿಲ್ಲ. ಇರುವ ಟೀಚರ್ ಮೀಟಿಂಗಿಗೆ ಹೋದ ದಿನ ಅಡುಗೆಯ ಅಕ್ಕನೇ ಮಕ್ಕಳನ್ನು ಕೂರಿಸಿಕೊಂಡಿರುತ್ತಾರೆ.

ಮಕ್ಕಳ ತಾಯಂದಿರು ಗೇರುಬೀಜದ ಕಾರ್ಖಾನೆಗೆ ಹೋಗುವವರು, ಇಲ್ಲವೇ ಬೀಡಿ ಕಟ್ಟುವವರು. ಆದರೂ ಊರಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಹತ್ತುತ್ತಾರೆ. ಶುಲ್ಕಕ್ಕೆ ಸ್ವಸಹಾಯ ಸಂಘದಿಂದ ಸಾಲ ತೆಗೆದವರೂ ಇದ್ದಾರೆ. ನಮ್ಮ ಶಾಲೆ ಮುಚ್ಚಿದರೆ ಮುಂದಿನ ಸರ್ಕಾರಿ ಶಾಲೆ ನಾಲ್ಕು ಕಿಲೋಮೀಟರ್ ದೂರ, ನಡುವೆ ತೋಡು, ಅಂದರೆ ಹಳ್ಳ, ದಾಟಬೇಕು.

ಮೊನ್ನೆಯ ಸಭೆಯಲ್ಲಿ ಗೋಡೆಗೆ ಬಣ್ಣ ಹೊಡೆಸಬೇಕು, ಸ್ಮಾರ್ಟ್ ಟಿವಿ ತರಿಸಬೇಕು, ಹಿಂದಿನ ಜಾಗದಲ್ಲಿ ಅಡಿಕೆ ಗಿಡ ನೆಡಬೇಕು ಎಂದೆಲ್ಲ ಮಾತಾಯಿತು. ಯಾವುದರಿಂದ ಶುರು ಮಾಡುವುದು? ಇಂಥ ಶಾಲೆ ಉಳಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಅಂಧೇರಿ ಪೂರ್ವ:

ಅಕ್ಕ, ನಾನು ಕುಂದಾಪುರ ಕಡೆಯ ಅಂಥದ್ದೇ ಶಾಲೆಯಲ್ಲಿ ಓದಿದವನು, ಈಗ ಇಲ್ಲಿ ಮುಂಬಯಿಯಲ್ಲಿ ಹೋಟೆಲ್ ಇದೆ. ಟಿವಿ ನಾನು ಕೊಡಿಸುತ್ತೇನೆ, ಬಣ್ಣಕ್ಕೂ ನಾಲ್ಕು ಜನರನ್ನು ಕೇಳುತ್ತೇನೆ. ಕಿತ್ತಳೆ ಮಾರಿದ ಹರೇಕಳ ಹಾಜಬ್ಬರೇ ಶಾಲೆ ಕಟ್ಟಿಸಿದರಂತೆ, ನಾವು ಇಷ್ಟು ಜನ ಸೇರಿ ಒಂದು ಶಾಲೆ ಉಳಿಸಲಾರೆವೇ?

ಕಾರ್ಕಳದ ನಿವೃತ್ತ ಮಾಷ್ಟ್ರು:

ನೋಡಿ ಅಮ್ಮ, ಬಣ್ಣದ ಮಾತು ಮೊದಲು ಮುಗಿಸುತ್ತೇನೆ. ಗೋಡೆಗೆ ರೈಲಿನ ಬೋಗಿ ಬಿಡಿಸಿ ಪತ್ರಿಕೆಯಲ್ಲಿ ಫೋಟೊ ಬಂದ ಶಾಲೆಗಳನ್ನು ಕಂಡಿದ್ದೇನೆ. ರೈಲು ಚೆನ್ನಾಗಿಯೇ ಇರುತ್ತದೆ, ಹತ್ತಲು ಮಕ್ಕಳಿರುವುದಿಲ್ಲ. ನಮ್ಮ ಕರಾವಳಿಯಲ್ಲಿ ಶಾಲೆಯ ಕಟ್ಟಡಕ್ಕೆ ದುಡ್ಡು ಹುಟ್ಟಿಸುವುದು ದೊಡ್ಡ ಸಂಗತಿಯಲ್ಲ. ಮುಂಬಯಿಯಲ್ಲೋ ದುಬೈಯಲ್ಲೋ ಒಬ್ಬ ಹಳೆ ವಿದ್ಯಾರ್ಥಿ ಸಿಕ್ಕಿಯೇ ಸಿಗುತ್ತಾನೆ. ಅಪ್ಪನ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತೇವೆಂದರೆ ರಂಗಮಂದಿರವೂ ಎದ್ದು ನಿಲ್ಲುತ್ತದೆ. (ಅಂಧೇರಿಯವರು ಬೇಸರಿಸಬಾರದು.) ಮಕ್ಕಳನ್ನು ಕೊಡಿಸುವ ದಾನಿ ಮಾತ್ರ ಇನ್ನೂ ಸಿಕ್ಕಿಲ್ಲ.

ಮಕ್ಕಳು ಸರ್ಕಾರಿ ಶಾಲೆಯ ಕೈ ತಪ್ಪುವುದು ಒಂದನೇ ತರಗತಿಗೂ ಮೊದಲೇ, ನಾಲ್ಕರ ವಯಸ್ಸಿನಲ್ಲಿ. ಎಲ್‌ಕೆಜಿಗೆಂದು ವ್ಯಾನು ಹತ್ತಿದ ಮಗು ಆರು ವರ್ಷ ತುಂಬಿತೆಂದು ಇಳಿದು ನಿಮ್ಮಲ್ಲಿಗೆ ಬರುವುದಿಲ್ಲ. ಆದ್ದರಿಂದ ಮೇ ಕೊನೆಯಲ್ಲಿ ಬ್ಯಾನರು ಹಿಡಿದು ಮನೆಮನೆಗೆ ಹೋಗುವ ದಾಖಲಾತಿ ಆಂದೋಲನದ ಮೇಲೆ ನನಗೆ ನಂಬಿಕೆ ಇಲ್ಲ. ಈಗಲೇ ಒಂದು ಪುಸ್ತಕ ಹಿಡಿದು ಊರಿನ ಮೂರು, ನಾಲ್ಕು, ಐದು ವರ್ಷದ ಮಕ್ಕಳನ್ನು ಮನೆ ಸಮೇತ ಬರೆದುಕೊಳ್ಳಿ.

ಆಮೇಲೆ ತಾಯಂದಿರನ್ನು ಒಂದೇ ಪ್ರಶ್ನೆ ಕೇಳಿ: ಕಾರ್ಖಾನೆಯ ವಾಹನ ಎಷ್ಟು ಗಂಟೆಗೆ ಬರುತ್ತದೆ? ಏಳೂವರೆಗೆ ಬಂದರೆ, ಒಂಬತ್ತೂವರೆಗೆ ನಿಮ್ಮ ಶಾಲೆಯ ಬೀಗ ತೆಗೆಯುವವರೆಗೆ ಮಗು ಯಾರ ಹತ್ತಿರ ಇರಬೇಕು? ಪೇಟೆಯ ವ್ಯಾನು ಎಂಟಕ್ಕೆ ಮೊದಲೇ ಮನೆ ಬಾಗಿಲಿಗೆ ಬರುತ್ತದೆ. ಇಂಗ್ಲಿಷ್ ವ್ಯಾಮೋಹ ಎಂದು ವೇದಿಕೆ ಮೇಲೆ ಭಾಷಣ ಬಿಗಿಯುವವರು ಈ ಎರಡು ಗಂಟೆಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಇಂಗ್ಲಿಷಿನ ಆಸೆ ಇಲ್ಲವೆನ್ನುವುದಿಲ್ಲ. ಸರ್ಕಾರವೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಆದರೆ ಕೂಲಿಗೆ ಹೋಗುವ ತಾಯಿಗೆ ಗಡಿಯಾರವೇ ಮೊದಲು. ಪಿಯುಸಿ ಮುಗಿಸಿ ಮನೆಯಲ್ಲಿರುವ ಊರಿನ ಹುಡುಗಿಯೊಬ್ಬಳಿಗೆ ಗೌರವಧನ ಕೊಟ್ಟು ಏಳೂವರೆಗೆ ಬಾಗಿಲು ತೆರೆಸಿ. ದೂರದ ಮನೆಗಳಿಗೆ ಊರಿನದೇ ಒಂದು ರಿಕ್ಷಾ ಗೊತ್ತು ಮಾಡಿ. ನಿಮ್ಮ ಖರ್ಚೆಂದರೆ ಇವೆರಡೇ.

ಇನ್ನೊಂದು. ನಿಮ್ಮ ಸುತ್ತ ಕೆಂಪುಕಲ್ಲಿನ ಕೋರೆ, ರಬ್ಬರ್ ತೋಟ ಇದ್ದರೆ ಅಲ್ಲಿನ ಶೆಡ್ಡುಗಳಿಗೆ ಹೋಗಿ ಬನ್ನಿ. ಬಾಗಲಕೋಟೆ, ಕೊಪ್ಪಳದಿಂದ ಬಂದವರ ಮಕ್ಕಳು ಅಲ್ಲಿ ತಮ್ಮ ತಂಗಿಯರನ್ನು ಆಡಿಸುತ್ತ ಕೂತಿರುತ್ತಾರೆ. ಮಂಗಳೂರು ನಗರದ ಎಷ್ಟೋ ಕನ್ನಡ ಶಾಲೆಗಳ ಹಾಜರಿ ಪುಸ್ತಕ ಇಂದು ತುಂಬಿರುವುದು ಇಂಥ ಮಕ್ಕಳಿಂದಲೇ. ವರ್ಗಾವಣೆ ಪತ್ರ ತಡವಾಯಿತು, ಜನನ ಪ್ರಮಾಣಪತ್ರ ಇಲ್ಲ, ತಿಂಗಳು ಮೀರಿತು ಎಂಬ ಯಾವ ನೆಪಕ್ಕೂ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಸ್ಪಷ್ಟವಾಗಿದೆ.

ಎರಡನೇ ಟೀಚರ್ ಬಗ್ಗೆ: ಅದೇ ಕಾಯ್ದೆಯ ಅನುಬಂಧದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದಿದೆ. ಕೈ ಮುಗಿದು ಬೇಡಬೇಡಿ, ಅನುಬಂಧದ ಪ್ರತಿ ಲಗತ್ತಿಸಿ ಬರೆಯಿರಿ. ಕಾಯಂ ಶಿಕ್ಷಕರು ಬರುವವರೆಗೆ ಅತಿಥಿ ಶಿಕ್ಷಕರನ್ನು ಕೇಳಿ. ನಮ್ಮ ರಾಜ್ಯದ 2012ರ ನಿಯಮದ ಪ್ರಕಾರ ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ತೋಡಿನ ವಿಷಯವನ್ನೂ ಅರ್ಜಿಯಲ್ಲಿ ಬಿಡಿಸಿ ಹೇಳಿ. ನಕ್ಷೆಯಲ್ಲಿ ಅಳೆಯುವವರಿಗೆ ಜುಲೈ ತಿಂಗಳ ಕಾಲುಸಂಕ (ತೋಡು ದಾಟುವ ಕಿರುಸೇತುವೆ) ಕಾಣುವುದಿಲ್ಲ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ ಅದರ ನಕಲು ಇಟ್ಟುಕೊಳ್ಳಿ.

ಹಾಜಬ್ಬರ ಹೆಸರು ಬಂತು. ಜನ ಅವರ ಕಿತ್ತಳೆ ಬುಟ್ಟಿ, 2020ರ ಪದ್ಮಶ್ರೀ ಎರಡನ್ನೇ ನೆನೆಯುತ್ತಾರೆ. ನ್ಯೂಪಡ್ಪುವಿನ ಆ ಶಾಲೆ ಶುರುವಾದದ್ದು ಮದ್ರಸಾದ ಕೋಣೆಯಲ್ಲಿ, 28 ಮಕ್ಕಳೊಂದಿಗೆ. ಮಕ್ಕಳು ಮೊದಲು ಬಂದರು, ಕಟ್ಟಡ ಆಮೇಲೆ ಬಂತು. ಅಡಿಕೆ ಗಿಡ ಬೇಕಾದರೆ ನೆಡಿ, ಜಿಲ್ಲೆಯ ಆಚೆ ಈಚೆ ಎಷ್ಟೋ ಶಾಲೆಗಳಲ್ಲಿ ತೋಟವಿದೆ. ಫಸಲು ಕೈಗೆ ಬರುವಷ್ಟರಲ್ಲಿ ನಿಮ್ಮ ಮಗ ಹೈಸ್ಕೂಲಿನಲ್ಲಿರುತ್ತಾನೆ.

ಅಂಗನವಾಡಿ ಅಕ್ಕ:

ಮಾಷ್ಟ್ರೇ, ಒಂದು ಮಾತು. ನಾಲ್ಕು ವರ್ಷದ ಮಕ್ಕಳೆಂದ ಕೂಡಲೇ ಎಲ್ಲರೂ ಶಾಲೆಯಲ್ಲಿ ಎಲ್‌ಕೆಜಿ ಶುರು ಮಾಡುತ್ತಾರೆ, ನಮ್ಮ ಕೇಂದ್ರ ಖಾಲಿಯಾಗುತ್ತದೆ. ಒಂದು ಬಾಗಿಲು ಉಳಿಸಲು ಇನ್ನೊಂದಕ್ಕೆ ಬೀಗ ಹಾಕುವುದು ಯಾವ ನ್ಯಾಯ? ಆ ಮಕ್ಕಳ ಪಟ್ಟಿ ಮನೆಮನೆ ಸಮೀಕ್ಷೆ ಮಾಡುವ ನಮ್ಮ ಹತ್ತಿರವೇ ಇದೆ, ಯಾರೂ ಕೇಳುವುದಿಲ್ಲ. ಶಾಲೆಯಲ್ಲಿ ಕೋಣೆ ಖಾಲಿ ಇದ್ದರೆ ಅಂಗನವಾಡಿಯನ್ನೇ ಅಲ್ಲಿಗೆ ಸ್ಥಳಾಂತರಿಸಲು ಬರೆಯಿರಿ. ಎರಡು ವರ್ಷ ಅದೇ ಅಂಗಳದಲ್ಲಿ ಆಡಿದ ಮಗು ಪಕ್ಕದ ಕೋಣೆಗೆ ತಾನಾಗಿ ಹೋಗುತ್ತದೆ.

ಕಾರ್ಕಳದ ನಿವೃತ್ತ ಮಾಷ್ಟ್ರು:

ಒಪ್ಪಿದೆ. ಇದು ನನ್ನ ಸಲಹೆಗಿಂತ ಅಗ್ಗ, ಮೇಲಾಗಿ ಬೇಗ ಆಗುವಂಥದ್ದು.

ತೋಡಿನಾಚೆ ಮನೆ:

ಕಾರ್ಖಾನೆಯ ಬಸ್ಸು ಏಳೂಕಾಲಿಗೇ ಬರುತ್ತದೆ. ವ್ಯಾನಿಗೆ ಕಳಿಸುವ ಮೂವರು ತಾಯಂದಿರನ್ನು ನಿನ್ನೆ ಕೇಳಿದೆ. ಇಬ್ಬರು ಮಾಷ್ಟ್ರು ಹೇಳಿದ ಕಾರಣವನ್ನೇ ಹೇಳಿದರು. ಒಬ್ಬರು ಮಾತ್ರ, ಏನೇ ಮಾಡಿದರೂ ಇಂಗ್ಲಿಷ್ ಇಲ್ಲದೆ ಬರುವುದಿಲ್ಲ ಎಂದರು.

ನಮ್ಮ ಅಂಗನವಾಡಿ ಈಗ ಬಾಡಿಗೆ ಕೋಣೆಯಲ್ಲಿದೆ, ಶಾಲೆಯಲ್ಲಿ ಎರಡು ಕೋಣೆ ಖಾಲಿ. ಅಲ್ಲಿನ ಟೀಚರ್ ಕೂಡಲೇ ಒಪ್ಪಿದರು. ಅಂಧೇರಿಯ ಅಣ್ಣ, ತಪ್ಪು ತಿಳಿಯಬೇಡಿ, ಟಿವಿ ಸದ್ಯಕ್ಕೆ ಬೇಡ. ಅದೇ ಹಣದಲ್ಲಿ ರಿಕ್ಷಾದ ಬಾಡಿಗೆ ಮತ್ತು ಬೆಳಗ್ಗೆ ಬಾಗಿಲು ತೆರೆಯುವವರ ಗೌರವಧನ ಕೊಡಬಹುದೇ? ಅದಕ್ಕೆ ಫಲಕ ಹಾಕಲು ಜಾಗವಿಲ್ಲ.

ಅಂಧೇರಿ ಪೂರ್ವ:

ಫಲಕ ಬೇಡ ಅಕ್ಕ, ಮಾಷ್ಟ್ರು ಮೊದಲೇ ಮರ್ಯಾದೆ ತೆಗೆದಾಗಿದೆ. ಒಂದು ವರ್ಷದ್ದು ನಾನು ಕೊಡುತ್ತೇನೆ. ಯಾರ ಕೈಗೂ ನಗದು ಕಳಿಸುವುದಿಲ್ಲ, ಎಸ್‌ಡಿಎಂಸಿ ಖಾತೆಗೇ ಹಾಕುತ್ತೇನೆ, ರಶೀದಿ ಬೇಕು.

ಕಾರ್ಕಳದ ನಿವೃತ್ತ ಮಾಷ್ಟ್ರು:

ಎರಡನೇ ವರ್ಷದ್ದನ್ನು ಈಗಲೇ ಹುಡುಕಲು ಶುರು ಮಾಡಿ. ಅರ್ಧದಲ್ಲಿ ನಿಂತ ರಿಕ್ಷಾ ಇಲ್ಲದ ರಿಕ್ಷಾಕ್ಕಿಂತ ಕಷ್ಟ. ಅಂಗನವಾಡಿ ಸ್ಥಳಾಂತರದ ಅರ್ಜಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ ಹೋಗಬೇಕು, ಶಿಕ್ಷಣ ಇಲಾಖೆಗೆ ಮಾತ್ರ ಕೊಟ್ಟರೆ ಸಾಲದು. ಕರಡು ಬರೆದು ಇಲ್ಲಿ ಹಾಕಿ, ತಿದ್ದಿಕೊಡುತ್ತೇನೆ.