ಮನೆಯ ಹಿತ್ತಲಲ್ಲಿ ದೊಡ್ಡ ಕಂಚಿನ ಗಂಟೆ ಎರಕ: ಮಾಡಿ ನೋಡಿದವರು ತಿಳಿಸಿರಿ

ಕೇಳಿದವರು, ಬಾದಾಮಿ ತಾಲೂಕು:

ನಮ್ಮೂರ ಬಸವಣ್ಣನ ಗುಡಿಯ ಗಂಟೆ ಕಳೆದ ವರ್ಷ ಸೀಳಿತು. ಅದನ್ನು ಎರಕ ಹೊಯ್ದವರು ನಮ್ಮ ಮುತ್ಯಾ. ಅವರ ಕಾಲದ ಒಂದು ಮೇಣದ ಸೌಟು ಮತ್ತು ಗಂಟೆಯ ಅರ್ಧ ಆಕಾರಕ್ಕೆ ಕತ್ತರಿಸಿದ ಹಲಗೆಯೊಂದು ಅಟ್ಟದ ಮೇಲೆ ಉಳಿದಿವೆ. ವಿದ್ಯೆ ಮಾತ್ರ ಉಳಿದಿಲ್ಲ. ಬಾಯಗಲ 45 ಸೆಂ.ಮೀ., ತೂಕ ಸುಮಾರು 60 ಕಿಲೋ ಬರುವಂಥ ಗಂಟೆಯನ್ನು ಜೇನುಮೇಣದ ಪದ್ಧತಿಯಲ್ಲಿ, ಮನೆಯ ಹಿತ್ತಲಲ್ಲಿಯೇ ಮಾಡಬೇಕೆಂದಿದ್ದೇನೆ. ಊರವರು ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳನ್ನು ಕೊಡುತ್ತಿದ್ದಾರೆ. ಕೆಲವು ತಾಯಂದಿರು ಬೆಳ್ಳಿಯ ಕಾಲುಂಗುರವನ್ನೂ ಹಾಕುತ್ತೇವೆ ಎನ್ನುತ್ತಾರೆ. ಮಣ್ಣು ಯಾವುದು, ಲೋಹ ಎಷ್ಟು, ಕೆಲಸ ಎಲ್ಲಿ ಕೆಡುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿರಿ.

ಇಳಕಲ್ಲಿನ ಹಿರಿಯ ಎರಕದವರು:

ತಮ್ಮಾ, ಎಲ್ಲರೂ ಬೆಂಕಿಗೆ ಹೆದರುತ್ತಾರೆ. ಗಂಟೆ ಕೆಡುವುದು ಮಣ್ಣಿನಲ್ಲಿ. ನಿಮ್ಮ ಹೊಲದ ಎರೆಮಣ್ಣನ್ನು ಮುಟ್ಟಬೇಡಿ, ಅದು ಒಣಗುವಾಗ ಬೇಸಿಗೆಯ ನೆಲದಂತೆ ಬಿರುಕು ಬಿಡುತ್ತದೆ. ಹುತ್ತದ ಮಣ್ಣು, ಮಲಪ್ರಭೆಯ ದಂಡೆಯ ನುಣುಪಾದ ಮೆಕ್ಕಲು, ಸೋಸಿದ ಇಟ್ಟಿಗೆ ಪುಡಿ, ಇವುಗಳಿಗೆ ಸಗಣಿ ಅಥವಾ ಕುದುರೆ ಲದ್ದಿ ಸೇರಿಸಿ ಕೆಲವು ದಿನ ಕೊಳೆಯಲು ಬಿಡಿ. ಲದ್ದಿಯಲ್ಲಿರುವ ನಾರು ಅಚ್ಚನ್ನು ಸುಡುವಾಗ ಉರಿದುಹೋಗಿ ಸಣ್ಣ ಸಣ್ಣ ರಂಧ್ರಗಳನ್ನು ಉಳಿಸುತ್ತದೆ, ಲೋಹ ಇಳಿಯುವಾಗ ಗಾಳಿ ಅದರ ಮೂಲಕವೇ ಹೊರಬೀಳಬೇಕು.

ನಿಮ್ಮ ಮುತ್ಯಾನ ಹಲಗೆ ಬಹಳ ಬೆಲೆಯುಳ್ಳದ್ದು. ನಡುವೆ ಒಂದು ಗೂಟ ನೆಟ್ಟು, ಆ ಹಲಗೆಯನ್ನು ಅದರ ಸುತ್ತ ತಿರುಗಿಸುತ್ತಾ ಒಳಗಿನ ಮಣ್ಣಿನ ಅಚ್ಚನ್ನು ಎಬ್ಬಿಸುತ್ತಿದ್ದರು. ಆದರೆ ಹಲಗೆಯ ಅಂಚು ಗಂಟೆಯ ಒಳಮೈಯದೋ ಹೊರಮೈಯದೋ ಎಂಬುದನ್ನು ಮೊದಲು ಒಡೆದ ಗಂಟೆಗೆ ಹಿಡಿದು ಖಚಿತ ಮಾಡಿಕೊಳ್ಳಿ. ಒಳಗಿನ ಅಚ್ಚಿಗೆ ಲದ್ದಿಯನ್ನೂ ಹೊಟ್ಟನ್ನೂ ತುಸು ಹೆಚ್ಚಾಗಿಯೇ ಬೆರೆಸಿ, ಅದು ಗಟ್ಟಿಯಾಗಬಾರದು. ಕಂಚು ತಣಿಯುತ್ತಾ ಕುಗ್ಗುವಾಗ ಒಳಗಿನ ಮಣ್ಣು ಪುಡಿಯಾಗಿ ಜಾಗ ಬಿಟ್ಟುಕೊಡದಿದ್ದರೆ, ಗಂಟೆ ತನ್ನನ್ನು ತಾನೇ ಸೀಳಿಕೊಳ್ಳುತ್ತದೆ.

ಒಳಗಿನ ಅಚ್ಚು ಪೂರ್ತಿ ಒಣಗಿದ ಮೇಲೆಯೇ ಮೇಣ. ಗಂಟೆಯ ದಪ್ಪಕ್ಕೆ ಮೇಣ ಹಚ್ಚಿ, ಅದರ ಮೇಲೆ ಮತ್ತೆ ಮಣ್ಣು ಮೆತ್ತಿದರೆ ಅದೇ ಹೊರ ಅಚ್ಚು, ಮೇಣ ಕರಗಿ ಹೋದ ಜಾಗಕ್ಕೆ ಲೋಹ ಇಳಿಯುತ್ತದೆ. ಜೇನುಮೇಣಕ್ಕೆ ರಾಳ ಮತ್ತು ಸ್ವಲ್ಪ ಶೇಂಗಾ ಎಣ್ಣೆ ಸೇರಿಸಿ ಹದ ಮಾಡಬೇಕು. ಕಂಚು ಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರ, ಆದ್ದರಿಂದ ಬರಿಯ ಗಂಟೆಗೇ ಆರೂವರೆಯಿಂದ ಏಳು ಕಿಲೋ ಮೇಣ ಹಿಡಿಯುತ್ತದೆ. ಅದನ್ನು ಮೊದಲೇ ತೂಗಿ ಬರೆದಿಟ್ಟರೆ ಲೋಹದ ಲೆಕ್ಕ ತಪ್ಪುವುದಿಲ್ಲ. ಈ ಕೆಲಸವನ್ನು ನಮ್ಮ ಕಡೆಯ ಬೇಸಿಗೆಯಲ್ಲಿ ಇಟ್ಟುಕೊಳ್ಳಬೇಡಿ, ಮಧ್ಯಾಹ್ನದ ಬಿಸಿಲಿಗೆ ಮೇಣ ಜೋತುಬಿದ್ದು ತುಟಿಯ ದುಂಡು ಹೋಗುತ್ತದೆ. ದೀಪಾವಳಿಯ ನಂತರ ಆರಂಭಿಸಿ.

ಒಣಗಿದೆಯೋ ಇಲ್ಲವೋ ಎಂಬುದನ್ನು ಕೈಯಿಂದ ಮುಟ್ಟಿ ಹೇಳಲಾಗದು. ಅಚ್ಚಿನ ಒಳಗೆ ಕುಳ್ಳಿನ ಸಣ್ಣ ಬೆಂಕಿ ಇಟ್ಟು, ಮೇಲಿನ ಗಾಳಿಕಿಂಡಿಗೆ ತಣ್ಣನೆಯ ಸ್ಟೀಲ್ ತಾಟನ್ನು ಬೋರಲಾಗಿ ಹಿಡಿಯಿರಿ. ತಾಟು ಬೆವರಿದರೆ ನೀರಿನ ಪಸೆ ಇನ್ನೂ ಇದೆ ಎಂದರ್ಥ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಮುಚ್ಚಿದ ಅಚ್ಚಿನಲ್ಲಿ ಅದು ಎಲ್ಲಿಗೆ ಹೋಗಬೇಕು? ಮೇಣ ಕರಗಿಸಿ ತೆಗೆದ ಮೇಲೆ ಹೊರ ಅಚ್ಚನ್ನೂ ಕೆಂಪಗಾಗುವವರೆಗೆ ಸುಟ್ಟು, ಬಿಸಿಯಿರುವಾಗಲೇ ಎರೆಯಬೇಕು.

ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವರು:

ಮಣ್ಣಿನ ವಿಷಯದಲ್ಲಿ ಕಾಕಾ ಅವರ ಮಾತಿಗೆ ನಾನು ಸೇರಿಸುವುದು ಏನೂ ಇಲ್ಲ. ಲೋಹದ ವಿಷಯ ಹೇಳುತ್ತೇನೆ. ಹಿತ್ತಾಳೆಯ ಕೊಡಗಳನ್ನು ಗೌರವದಿಂದ ಹಿಂದಿರುಗಿಸಿ. ಹಿತ್ತಾಳೆಯಲ್ಲಿ ಸತುವು ಇರುತ್ತದೆ, ಅದು 907 ಡಿಗ್ರಿಯಲ್ಲೇ ಕುದಿದು ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುತ್ತದೆ. ಗಂಟೆಗೆ ಬೇಕಾದದ್ದು ತಾಮ್ರ ಮತ್ತು ತವರ ಮಾತ್ರ. 60 ಕಿಲೋ ಗಂಟೆಗೆ ಎರೆಯುವ ದಾರಿ, ಕಿಂಡಿಗಳು, ಕಿಟ್ಟ ಎಲ್ಲ ಸೇರಿ 75 ಕಿಲೋ ಹಿಡಿಯಿರಿ: ತಾಮ್ರ 60, ತವರ 15. ತವರವು ತಾಮ್ರಕ್ಕಿಂತ ಬಹಳ ದುಬಾರಿ, ಆದರೂ ಅಲ್ಲಿ ಕೈ ಹಿಡಿದರೆ ದನಿ ಮಂಕಾಗುತ್ತದೆ. ಬೆಸುಗೆ ಹಾಕಿದ ಹಂಡೆಯಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಿರಿ, ಬೆಸುಗೆಯಲ್ಲಿ ಸೀಸವಿರಬಹುದು, ಸೀಸ ದನಿಯನ್ನು ನುಂಗುತ್ತದೆ. ಬೆಳ್ಳಿಯಿಂದ ನಾದ ಹೆಚ್ಚುತ್ತದೆ ಎಂಬುದು ನಂಬಿಕೆ ಮಾತ್ರ. ಎರಡು ಕಾಲುಂಗುರ ಬಿದ್ದರೆ ನಾದವೇನೂ ಕೆಡುವುದಿಲ್ಲ, ತಾಯಂದಿರ ಮನಸ್ಸು ನೋಯಿಸಬೇಡಿ.

ತಾಮ್ರ ಕರಗಲು 1085 ಡಿಗ್ರಿ ಬೇಕು. ಅದು ಪೂರ್ತಿ ಕರಗಿದ ಮೇಲೆ, ಇದ್ದಲಿನ ಪುಡಿಯ ಹೊದಿಕೆಯ ಅಡಿಯಲ್ಲಿ, ಕೊನೆಗೆ ತವರವನ್ನು ಸೇರಿಸಿ ಕಲಕಬೇಕು. ತವರ ಬಿದ್ದೊಡನೆ ಮಿಶ್ರಣ ಇನ್ನಷ್ಟು ತೆಳ್ಳಗಾಗುವುದು ಕಣ್ಣಿಗೆ ಕಾಣುತ್ತದೆ. ಕಲಕುವ ಸಲಾಕೆಯನ್ನೂ, ಸೇರಿಸುವ ಪ್ರತಿಯೊಂದು ತುಂಡನ್ನೂ ಮೊದಲು ಕಾಯಿಸಿಕೊಳ್ಳಿ.

ಎರೆಯುವುದು ಒಂದೇ ಧಾರೆಯಲ್ಲಿ ಆಗಬೇಕು. ನಡುವೆ ನಿಂತರೆ ಅಲ್ಲೊಂದು ಬೆಸೆಯದ ಗೆರೆ ಉಳಿಯುತ್ತದೆ. 75 ಕಿಲೋ ಕರಗಿದ ಲೋಹ, ಅದರ ಮೇಲೆ ಮೂಸೆಯ (ಲೋಹ ಕರಗಿಸುವ ಪಾತ್ರೆಯ) ಭಾರ: ಇದನ್ನು ಇಬ್ಬರು ಇಕ್ಕಳದಲ್ಲಿ ಎತ್ತುತ್ತೇವೆ ಎಂಬುದು ಹುಚ್ಚುತನ. ಎರಡು ಮೂಸೆಗಳಲ್ಲಿ ಕರಗಿಸಿ, ಎರಡನ್ನೂ ಒಂದೇ ಮಣ್ಣಿನ ಬೋಗುಣಿಗೆ ಒಟ್ಟಿಗೆ ಸುರಿದು, ಅದರ ಬಿರಡೆ ತೆಗೆಯುವುದು ಒಂದು ದಾರಿ. ನನ್ನನ್ನು ಕೇಳಿದರೆ, ಅಚ್ಚನ್ನು ಊರಲ್ಲಿ ಮಾಡಿ, ಎರೆಯುವ ದಿನ ಪಳಗಿದ ನಾಲ್ವರನ್ನು ಕರೆಸಿರಿ. ಸಿಮೆಂಟ್ ನೆಲದ ಮೇಲೆ ಈ ಕೆಲಸ ಬೇಡ. ಲೋಹ ಚೆಲ್ಲಿದರೆ ಅದರೊಳಗಿನ ನೀರಿನ ಅಂಶದಿಂದ ನೆಲವೇ ಸಿಡಿಯುತ್ತದೆ. ಒಣ ಮರಳು ಹಾಸಿ, ಚರ್ಮದ ಬೂಟು, ದಪ್ಪ ಹತ್ತಿಯ ಬಟ್ಟೆ, ಮುಖಕ್ಕೆ ರಕ್ಷಾಕವಚ ಇರಲಿ, ನೈಲಾನ್ ಬಟ್ಟೆ ಯಾರ ಮೈಮೇಲೂ ಇರಬಾರದು.

ವಿಜಯಪುರದ ನಿವೃತ್ತ ಶಿಕ್ಷಕರು:

ಈ ನಾಲ್ಕಕ್ಕೊಂದು ಪಾಲಿನ ಲೆಕ್ಕಕ್ಕೆ ನಮ್ಮೂರಲ್ಲೊಂದು ಸಾಕ್ಷಿ ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಮಲಿಕ್-ಎ-ಮೈದಾನ್ ತೋಪಿನಲ್ಲಿ ತಾಮ್ರ ಮತ್ತು ತವರ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿವೆ. ಸಾಮಾನ್ಯವಾಗಿ ತೋಪಿಗೆ ಹತ್ತನೆಯ ಒಂದು ಪಾಲು ತವರ ಹಾಕುತ್ತಿದ್ದರು, ಇದು ಗಂಟೆಯ ಲೋಹ. ತಟ್ಟಿದರೆ ಗಂಟೆಯಂತೆಯೇ ಮೊಳಗುತ್ತದೆ ಎಂದು ಹೇಳುವುದೂ ಅದಕ್ಕೇ. ಇಷ್ಟು ತವರವಿರುವ ಕಂಚು ನಾದಕ್ಕೆ ಎಷ್ಟು ಒಳ್ಳೆಯದೋ ಅಷ್ಟೇ ಬಿರುಸು, ಬಿದ್ದರೆ ಗಾಜಿನಂತೆ ಒಡೆಯುತ್ತದೆ.

ಗೋಕಾಕ ಕಡೆಯ ಒಬ್ಬರು:

ನಾನು ಕೆಡಿಸಿದ್ದನ್ನು ಹೇಳುತ್ತೇನೆ. ಅಚ್ಚನ್ನು ಗುಂಡಿಯಲ್ಲಿ ಇಳಿಸಿ ಸುತ್ತಲೂ ಮಣ್ಣು ತುಂಬಿದೆವು, ಆದರೆ ಸಂಜೆಯಾಯಿತೆಂದು ಪದರ ಪದರವಾಗಿ ದಮ್ಮಸು ಮಾಡಲಿಲ್ಲ, ಒಳಗಿನ ಅಚ್ಚನ್ನು ಅಡಿಗೆ ಬಿಗಿದೂ ಇರಲಿಲ್ಲ. ಕಂಚಿನ ಮುಂದೆ ಮಣ್ಣು ಹಗುರ. ಲೋಹ ಅಡಿಗೆ ನುಗ್ಗಿ ಒಳಗಿನ ಅಚ್ಚನ್ನು ದೋಣಿಯಂತೆ ಮೇಲೆತ್ತಿತು. ಮರುದಿನ ಅಗೆದು ನೋಡಿದರೆ ಗಂಟೆಯ ತುಟಿ ದಪ್ಪವಾಗಿತ್ತು, ನೆತ್ತಿಯಲ್ಲಿ ಅಂಗೈಯಗಲದ ತೂತು ಇತ್ತು. ಎರಡನೆಯ ಸಲ ಆತುರಪಟ್ಟು ನಾಲ್ಕೇ ತಾಸಿಗೆ ಹೊರತೆಗೆದೆ, ಅದು ತುಟಿಯಿಂದ ಒಂದು ಗೇಣು ಸೀಳಿತು. ಈಗ ಒಂದು ಹಗಲು, ಒಂದು ರಾತ್ರಿ ಪೂರ್ತಿ ಹೂತಿಡುತ್ತೇನೆ. ಮೊದಲು ಅರ್ಧ ಅಳತೆಯ ಗಂಟೆ ಮಾಡಿ: ಬಾಯಗಲ ಅರ್ಧವಾದರೆ ತೂಕ ಎಂಟನೆಯ ಒಂದು ಪಾಲು, ಅಂದರೆ ಏಳೂವರೆ ಕಿಲೋ ಮಾತ್ರ. ಕೆಟ್ಟರೂ ಮತ್ತೆ ಕರಗಿಸಬಹುದು.

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಹಲಗೆಯನ್ನು ಒಡೆದ ಗಂಟೆಗೆ ಹಿಡಿದು ನೋಡಿದೆ, ಒಳಮೈಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಅದರ ಅರ್ಧ ಅಳತೆಗೆ ಹೊಸ ಹಲಗೆ ಕತ್ತರಿಸಿ, ಸಣ್ಣ ಗಂಟೆಯ ಒಳ ಅಚ್ಚನ್ನು ಎಬ್ಬಿಸಿ ಇಂದಿಗೆ ಹನ್ನೆರಡು ದಿನ. ನಿನ್ನೆ ಸಂಜೆ ತಾಟು ಹಿಡಿದಾಗ ಅಂಚಿನಲ್ಲಿ ಇನ್ನೂ ಬೆವರಿತ್ತು, ಆದ್ದರಿಂದ ಮೇಣ ಹಚ್ಚುವುದನ್ನು ಮುಂದಿನ ಸೋಮವಾರಕ್ಕೆ ಹಾಕಿದ್ದೇನೆ.