ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತೂ ಸಣ್ಣ ಮೋಲ್ಡಿಂಗ್ ಮಷೀನ್ ತಗೋಬೇಕು, ಕೈ ಹಿಡಿಕಿದ್ದೋ ಏರ್ ಸಿಲಿಂಡರ್‌ದೋ?

ಶೆಡ್_ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವಿ ಉದ್ಯಮಬಾಗದಾಗ ನಂದೊಂದು ಸಣ್ಣ ಶೆಡ್ ಐತಿ, ಒಂದು ವಿಎಂಸಿ (ಕಂಪ್ಯೂಟರ್‌ಲೆ ನಡಿಯೂ ಮಿಲ್ಲಿಂಗ್ ಮಷೀನ್) ಒಂದು ಲೇಥ್, ಈಗ ಒಬ್ಬರು ಕಬ್ಬಿನ ಹೊಲದಾಗ ಇಡೂ ಸೆನ್ಸರ್‌ಗೆ ಎಬಿಎಸ್ ಅನ್ನೂ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ ಬೇಕಂತ ಬಂದಾರ. 60×40 ಎಂಎಂ, ದಪ್ಪ 1.5, ರನ್ನರ್ (ಪ್ಲಾಸ್ಟಿಕ್ ಹರದು ಬರೂ ದಾರಿ) ಸೇರಿ 12 ಗ್ರಾಂ. ಮೊದಲ ಬರೇ ನೂರು ಪೀಸ್. ಕೈಲೆ ಒತ್ತೂ ಮಷೀನ್, ಒಂದ್ ಸಲಕ್ಕ 30 ಗ್ರಾಂ ಒತ್ತೂದು ನೋಡೇನಿ, ಅಂಗಡಿಯವ್ರು ಏರ್ ಸಿಲಿಂಡರ್‌ದು ತಗೋರಿ ಪ್ರೆಷರ್ ಜಾಸ್ತಿ ಅಂತಾರ. ಯಾವ್ದು ತಗೊಳ್ಲಿ?

ಲೇಥ್_ಕಾಕಾ:
ತಮ್ಮಾ, ಗ್ರಾಂ ನೋಡಿ ಮಷೀನ್ ತಗೋಬ್ಯಾಡ. ಪ್ಲಂಜರ್ (ಪ್ಲಾಸ್ಟಿಕ್ ಒತ್ತೂ ದಂಡ) 25 ಎಂಎಂ ಅಂದ್ರ ಏರಿಯಾ ಸುಮಾರು 4.9 ಚದರ ಸೆಂಮೀ. ನೀ 40 ಕೆಜಿ ಜೋರ್‌ಲೆ ಹಿಡಿಕಿ ಎಳದಿ, ಲಿವರ್ 20 ಪಟ್ಟು ಅಂತ ಹಿಡಿ, 800 ಕೆಜಿ ಆತು, ದಾಣಾ (ಪ್ಲಾಸ್ಟಿಕ್ ಕಾಳು) ಮ್ಯಾಲೆ ಬೀಳೂದು 160 ಕೆಜಿ ಪರ್ ಚದರ ಸೆಂಮೀ. ಈಗ ಏರ್‌ದು ನೋಡು, 100 ಎಂಎಂ ಬೋರ್ ಸಿಲಿಂಡರ್ 6 ಕೆಜಿ ಗಾಳಿಗೆ 470 ಕೆಜಿ ಕೊಡ್ತದ, ಅದ ಪ್ಲಂಜರಿಗೆ 96! ನಿನ್ನ ಕೈಗಿಂತ ಕಮ್ಮಿ. ಗಾಳಿದ್ರಾಗ ದಣಿವಿಲ್ಲ, ಶಾಟ್ ಶಾಟ್‌ಗೆ ಒಂದ ಜೋರ್ ಸಿಗ್ತದ, ಅಷ್ಟ ಲಾಭ. ದೊಡ್ಡ ಸ್ಕ್ರೂ ಮಷೀನ್ 1000 ದಾಟಿಸ್ತಾವ. 1.5 ದಪ್ಪದ ಎಬಿಎಸ್ ಎರಡ್ರಾಗೂ ಅರ್ಧಕ್ಕ ನಿಲ್ಲೂ ಛಾನ್ಸ್ ಐತಿ, ಸರಾಗ ಹರಿಯೂ ಪಿಪಿ ಪ್ಲಾಸ್ಟಿಕ್ ಇದ್ರ ತುಂಬೂ ಛಾನ್ಸ್ ಜಾಸ್ತಿ ಇತ್ತು.

ಶೆಡ್_ಹುಡುಗ:
ಅಯ್ಯೋ ಕಾಕಾರ, ಹಂಗಾದ್ರ ಪ್ಲಂಜರ್ ಸಣ್ಣದು ಹಾಕಿದ್ರ?

ಲೇಥ್_ಕಾಕಾ:
ಹಾಕು, ಆದ್ರ ಅದಕ್ಕ ಸ್ಟ್ರೋಕ್ ಉದ್ದ ಬೇಕು. ಉದ್ಯಮಬಾಗದಾಗ ಕುಂತು ಹೈಡ್ರಾಲಿಕ್ ಬಿಟ್ಟು ಗಾಳಿ ಹಿಂದ ಯಾಕ ಹೊಂಟಿ? 63 ಬೋರ್ ಸಿಲಿಂಡರ್ 100 ಬಾರ್‌ಗೆ 3 ಟನ್ ಮ್ಯಾಲ ಕೊಡ್ತದ, ನಿನ್ನ 25ರ ಪ್ಲಂಜರಿಗೆ 630ರ ಹತ್ರ ಬಂತು. ಹಳೇ ಪವರ್ ಪ್ಯಾಕ್ (ಎಣ್ಣಿ ಪಂಪ್, ಮೋಟರ್ ಸೆಟ್) ಒಂದ್ ಹುಡ್ಕು.

ಡೈ_ಮೇಕರ್:
ಕಾಕಾ ಹೇಳಿದ್ದು ಖರೆ, ಆದ್ರ ಜೋರ್ ಹೆಚ್ಚಿದ ಮ್ಯಾಲ ಡೈ (ಅಚ್ಚು) ಬಿಗಿ ಹಿಡಿಯೂದು ಯಾರು? ಮುಚ್ಚಳದ ಏರಿಯಾ 24 ಚದರ ಸೆಂಮೀ, ಡೈ ಒಳಗ ಚದರ ಸೆಂಮೀಗೆ 300 ಕೆಜಿ ಪ್ರೆಷರ್ ಬಂದ್ರ 7 ಟನ್ ದಾಟ್ತು, ಬೆಂಚ್ ವೈಸ್‌ಲೆ ಹಿಡದ್ರ ಸುತ್ತಲೂ ಫ್ಲ್ಯಾಶ್ (ಸಂದಿನಾಗಿಂದ ಹೊರಗ ಬರೂ ತೆಳು ಪ್ಲಾಸ್ಟಿಕ್) ಬಂದು ದಿನಾ ಬ್ಲೇಡ್‌ಲೆ ಕೆರಕೊಂತ ಕೂಡಬೇಕು. ಕ್ಲ್ಯಾಂಪ್ 10 ಟನ್ ಇಟ್ಕೋರಿ. ಡೈ ಅಲ್ಯುಮಿನಿಯಂದಾಗ ನಿಮ್ಮ ವಿಎಂಸಿ ಮ್ಯಾಲೇ ಹೊಡೀರಿ, ನೂರು ಪೀಸಿಗೆ ಸಾಕು ಸಾಕು, ಪೀಸ್ ಸರಾಗ ಹೊರಗ ಬರಾಕ ಗೋಡೆಗೆ 1 ಡಿಗ್ರಿ ಡ್ರಾಫ್ಟ್ (ಓರೆ) ಕೊಡೂದ ಮರೀಬ್ಯಾಡ್ರಿ. ಇನ್ನೊಂದು, ನಮ್ಮೂರ ಮಳಿ ಗೊತ್ತಲ್ರಿ, ಜೂನ್‌ದಿಂದ ಚೀಲ ತೆರದಿಟ್ಟ ಎಬಿಎಸ್ ನೀರ್ ಹೀರಿ ಪೀಸ್ ಮ್ಯಾಲ ಬೆಳ್ಳಿ ಗೆರಿ ಬರ್ತಾವ, ನಾ ಒಮ್ಮೆ ಮೂರ್ ದಿನಾ ಹೀಟರ್‌ಗೇ ಬೈಕೊಂತ ಕುಂತಿದ್ದೆ, ತಪ್ಪು ದಾಣಾದ್ದಿತ್ತು. 80 ಡಿಗ್ರಿಗೆ 3 ತಾಸು ಒಣಗಿಸಿ ಹಾಕ್ರಿ.

ಮಷೀನ್_ಬಾಡಿಗಿ:
ನನ್ನ ಕೇಳಿದ್ರ ಈಗ ಏನೂ ತಗೋಬ್ಯಾಡ್ರಿ. ಡೈ ಮಾಡ್ಕೊಂಡು ಯಾರದಾರ 60 ಟನ್ ಮಷೀನ್‌ನಾಗ ಅರ್ಧ ದಿನ ಜಾಬ್ ವರ್ಕ್ ಹಾಕ್ಸ್ರಿ. ಆದ್ರ ಅವರ ಪ್ಲೇಟನ್ (ಡೈ ಕೂಡಿಸೂ ಪ್ಲೇಟ್), ಸ್ಪ್ರೂ ಬುಶ್ (ಪ್ಲಾಸ್ಟಿಕ್ ಡೈ ಒಳಗ ಹೋಗೂ ಬಾಯಿ) ಅಳತಿ ಮೊದಲ ಕೇಳ್ಕೊಂಡು ಡೈ ಶುರು ಮಾಡ್ರಿ.

ಶೆಡ್_ಹುಡುಗ:
ಅಂಗಡಿಯವ್ರಿಗೆ ನಾಳೆ ಬ್ಯಾಡಂತ ಹೇಳ್ತೇನ್ರಿ. ಮೊದಲ ಡೈ. ಕಾಕಾರ, ನಿಮ್ಮ ಹತ್ರ ಆ ಹಳೇ ಪವರ್ ಪ್ಯಾಕ್ ಐತೇನು?